ಯಾವ ವಸ್ತು ಎಲ್ಲಿರಬೇಕು?

ಶಿರಹಟ್ಟಿಯಲ್ಲಿ ಫಕೀರೇಶ್ವರ ಜಾತ್ರೆ ಬಂತೆಂದರೆ ಮನೆ ಮನೆಗೂ ಸುಣ್ಣಬಣ್ಣ. ಹಾಸಿಗೆ ಒಗೆಯುವುದು, ಭಾಂಡೆ ತಿಕ್ಕುವುದು, ಜೇಡರ ಬಲೆ ತೆಗೆಯುವುದು ಎಲ್ಲವೂ ನಡೆಯುತ್ತದೆ. ಬೀಗರು ಬಂದಾಗ ಮನೆ ಚೆಂದ ಕಾಣಬೇಕು, ನಿಜ. ಆದರೆ ಆರೋಗ್ಯದ ದೃಷ್ಟಿಯಿಂದ ಮನೆಯ ಅಚ್ಚುಕಟ್ಟನ್ನು ಅಳೆಯುವ ರೀತಿಯೇ ಬೇರೆ. ಯಾವ ವಸ್ತು ಮಗುವಿನ ಕೈಗೆ ಸಿಗುತ್ತದೆ? ಯಾವುದು ಮುದುಕರ ಕಾಲಿಗೆ ತಾಗುತ್ತದೆ? ಮಲಗಿದವರ ಪಕ್ಕದಲ್ಲಿ ಏನಿದೆ? ಹೀಗೆ ಕೇಳಿಕೊಂಡರೆ ಥಳಥಳ ಹೊಳೆಯುವ ಮನೆಯಲ್ಲೂ ಅಪಾಯ ಕಾಣಬಹುದು.

ವಿಷದ ಬಾಟಲಿ

ನಮ್ಮದು ಹತ್ತಿ, ಮೆಣಸಿನಕಾಯಿ, ಶೇಂಗಾ, ಉಳ್ಳಾಗಡ್ಡಿ ಬೆಳೆಯುವ ಸೀಮೆ. ಬೆಳೆಗೆ ಹೊಡೆದು ಉಳಿದ ಎಣ್ಣೆ ಮನೆಗೆ ಬರುತ್ತದೆ. ಅದನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಹಾಕಿ ಮೂಲೆಯಲ್ಲಿ ಇಡುವುದು ಬಹಳ ಅಪಾಯ. ಮಗು ಗುರುತಿಸುವುದು ಬಾಟಲಿಯನ್ನು, ಒಳಗಿನ ವಿಷವನ್ನಲ್ಲ. ಪೆಟ್ರೋಲು, ಥಿನ್ನರ್, ಪಾಯಖಾನೆ ತೊಳೆಯುವ ಆಸಿಡ್ಡಿಗೂ ಇದೇ ಮಾತು. ಇವೆಲ್ಲ ತಮ್ಮ ಮೂಲ ಡಬ್ಬಿಯಲ್ಲೇ, ಕೀಲಿ ಹಾಕಿದ ಜಾಗದಲ್ಲಿ ಇರಬೇಕು. ಕೀಟನಾಶಕವಂತೂ ವಾಸದ ಮನೆಯ ಹೊರಗೇ ಇರಲಿ.

ಮಗು ಇಂಥದ್ದನ್ನು ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಪೆಟ್ರೋಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸಿಡ್ ಅನ್ನನಾಳವನ್ನು ಎರಡನೇ ಸಲ ಸುಡುತ್ತದೆ. 108ಕ್ಕೆ ಫೋನ್ ಮಾಡಿ, ಡಬ್ಬಿಯ ಸಮೇತ ಆಸ್ಪತ್ರೆಗೆ ಕರೆತನ್ನಿ.

ಕಾಳು ಕೆಡದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇನ್ನೂ ಘೋರ. ತೇವ ತಗುಲಿದಾಗ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಇದಕ್ಕೆ ಪ್ರತ್ಯೌಷಧವಿಲ್ಲ. ಬಾಗಿಲು ಮುಚ್ಚಿದರೂ ಪಕ್ಕದ ಕೋಣೆಗೆ ಸೋರಬಲ್ಲದು. ಜೋಳ, ಹೆಸರಿನ ಚೀಲಗಳ ಪಕ್ಕದಲ್ಲಿ ಜನ ಮಲಗುವ ಮನೆಯಲ್ಲಿ ಈ ಗುಳಿಗೆಯನ್ನು ಬಳಸಲೇಬಾರದು.

ಕುಳ್ಳು, ಕಟ್ಟಿಗೆ, ಹಾಸಿಗೆ

ಕುಳ್ಳು, ಕಟ್ಟಿಗೆ, ಹಳೆಯ ಹಂಚುಗಳನ್ನು ಮನೆಯ ಗೋಡೆಗೆ ಒತ್ತಿ ಒಟ್ಟಿದರೆ ಚೇಳು, ಇಲಿಗಳಿಗೆ ಆಸರೆ ಸಿಕ್ಕಂತೆ. ಇಲಿಯನ್ನು ಹುಡುಕಿಕೊಂಡು ಹಾವು ಬರುತ್ತದೆ. ಗೋಡೆಯಿಂದ ದೂರ, ಕಲ್ಲುಗಳ ಮೇಲೆ ಹಲಗೆ ಹಾಕಿ ಒಟ್ಟಿರಿ. ಕತ್ತಲಾದ ಮೇಲೆ ಅಲ್ಲಿಗೆ ಬರಿಗೈ ಹಾಕಬೇಡಿ.

ಕೆಂಪು ಚೇಳು ಕಡಿದ ಮಗುವಿಗೆ ವಾಂತಿ, ವಿಪರೀತ ಬೆವರು ಬಂದು ಕೈಕಾಲು ತಣ್ಣಗಾದರೆ ಹೃದಯಕ್ಕೆ ಪೆಟ್ಟು ಬೀಳುತ್ತಿದೆ ಎಂದರ್ಥ. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಗುಳಿಗೆಯಿಂದ ಇಂಥ ಅನೇಕ ಜೀವಗಳನ್ನು ಉಳಿಸಿ ತೋರಿಸಿದರು. ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ಮಂತ್ರ ಹಾಕಿಸುತ್ತ ಹೊತ್ತು ಕಳೆಯಬಾರದು.

ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುವುದುಂಟು. ನೋವು, ಗುರುತು ಎರಡೂ ಇಲ್ಲದಿರಬಹುದು. ಬೆಳಗಿನ ಜಾವ ಹೊಟ್ಟೆನೋವು ಬಂದು, ರೆಪ್ಪೆಗಳು ಜೋತುಬಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮಂಚದ ಮೇಲೆ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸೇರಿಸಿ ಮಲಗುವುದು ಒಳ್ಳೆಯದು. ಮಂಚವಿಲ್ಲದಿದ್ದರೂ ಪರದೆ ಇರಲಿ.

ನೀರಿನ ಪಾತ್ರೆ

ನಳದ ನೀರು ದಿನವೂ ಬರದ ಊರುಗಳಲ್ಲಿ ಬ್ಯಾರಲ್, ಹಂಡೆ, ಕೊಡ ತುಂಬಿಡದೆ ಗತಿಯಿಲ್ಲ. ಡೆಂಗಿ ಹರಡುವ ಸೊಳ್ಳೆ ಇಂಥ ಶುದ್ಧ ನೀರಿನಲ್ಲೇ ಬೆಳೆಯುತ್ತದೆ. ತತ್ತಿ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಪಾತ್ರೆಯ ಒಳಗೋಡೆಗೆ ಅಂಟಿದ ತತ್ತಿ ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ಒಳಗೋಡೆಯನ್ನು ತಿಕ್ಕಿ ತೊಳೆದು, ಒಣಗಿಸಿ ತುಂಬಬೇಕು. ಬಾಯಿಗೆ ಬಟ್ಟೆ ಕಟ್ಟಬೇಕು.

ರಾತ್ರಿಯ ದಾರಿ

ವಯಸ್ಸಾದವರು ರಾತ್ರಿ ಎದ್ದು ಹೋಗುವ ದಾರಿಯಲ್ಲಿ ಕೊಡ, ಚಪ್ಪಲಿ, ಮಡಚಿದ ಚಾಪೆ ಬೇಡ. ಬಚ್ಚಲ ಮುಂದಿನ ನೆಲ ಒಣಗಿರಲಿ, ಸಣ್ಣ ದೀಪ ಉರಿಯಲಿ. ಮುಪ್ಪಿನಲ್ಲಿ ಸೊಂಟದ ಮೂಳೆ ಮುರಿದರೆ ಎದ್ದು ಓಡಾಡುವುದು ಕಷ್ಟ.

ಬರುವ ರವಿವಾರ ಮನೆಯವರೆಲ್ಲ ಸೇರಿ ಎರಡು ಕೆಲಸ ಮಾಡಿ. ಹಗಲು ಹೊತ್ತಿನಲ್ಲಿ, ಅಂಬೆಗಾಲಿಡುವ ಮಗುವಿನ ಎತ್ತರಕ್ಕೆ ಬಗ್ಗಿ ಮನೆಯೆಲ್ಲ ನೋಡಿ. ರಾತ್ರಿ, ಅಜ್ಜಿಯ ಹಾಸಿಗೆಯಿಂದ ಬಚ್ಚಲತನಕ ನಡೆದು ನೋಡಿ. ಏನನ್ನು ಎತ್ತಿಡಬೇಕು, ಏನನ್ನು ಹೊರಗಿಡಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಇದಕ್ಕೆ ಖರ್ಚಿಲ್ಲ, ಜಾತ್ರೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ.