ಬರ್ಗರಿಗೆ ಎಷ್ಟು ಮಾರ್ಕು?

ಅಮೇರಿಕದ ಮಿನಿಯಾಪೋಲಿಸ್ ನಗರದಲ್ಲಿ ಸೀಡರ್ ಅವೆನ್ಯೂ ಎಂಬ ಉದ್ದನೆಯ ರಸ್ತೆಯೊಂದಿದೆ. ಆ ರಸ್ತೆಯಲ್ಲಿ ಎರಡು ಹಳೆಯ ಟ್ಯಾವರ್ನ್‌ಗಳಿವೆ. ಒಂದರ ಹೆಸರು ಮ್ಯಾಟ್ಸ್ ಬಾರ್, ಇನ್ನೊಂದರ ಹೆಸರು ಫೈವ್-ಏಟ್ ಕ್ಲಬ್. ಚೀಸನ್ನು ಬರ್ಗರಿನ ಮಾಂಸದ ಮೇಲಿಡದೆ ಮಾಂಸದ ಹೊಟ್ಟೆಯೊಳಗೇ ತುಂಬಿಸಿ ಬೇಯಿಸುವ ಉಪಾಯ ಮೊದಲು ಹೊಳೆದದ್ದು ಯಾರಿಗೆ ಎಂದು ಇವೆರಡರ ನಡುವೆ ಹಲವು ದಶಕಗಳಿಂದ ವಾದ ನಡೆದಿದೆ. 1954ರಲ್ಲಿ ಗಿರಾಕಿಯೊಬ್ಬ ಎರಡು ಪ್ಯಾಟಿಗಳ ನಡುವೆ ಚೀಸಿಟ್ಟು ಅಂಚು ಮುಚ್ಚಿ ಬೇಯಿಸಿ ಕೊಡಲು ಕೇಳಿದನೆಂದೂ, ತಿಂದು ಅದರ ರಸಕ್ಕೆ ಬೆರಗಾದನೆಂದೂ ಮ್ಯಾಟ್ಸ್‌ನವರು ಹೇಳುತ್ತಾರೆ. ತಿಂಡಿಗೆ 'ಜೂಸಿ ಲೂಸಿ' ಎಂದು ಹೆಸರಾಯಿತು. ಮ್ಯಾಟ್ಸ್‌ನ ಮೆನುವಿನಲ್ಲಿ 'ಜೂಸಿ' ಪದದ ಇಂಗ್ಲಿಷ್ ಕಾಗುಣಿತವೇ ತಪ್ಪು, ಒಂದು 'ಐ' ಅಕ್ಷರ ಇಲ್ಲ. ಎದುರಾಳಿಗಳು ಸರಿಯಾದ ಕಾಗುಣಿತವನ್ನೇ ತಮ್ಮ ಹೆಗ್ಗಳಿಕೆ ಮಾಡಿಕೊಂಡರೆ, ಇವರು ಆ ತಪ್ಪೇ ಅಸಲಿಯ ಗುರುತು ಎನ್ನುತ್ತಾರೆ! 2014ರ ಜೂನ್‌ನಲ್ಲಿ ಅಧ್ಯಕ್ಷ ಒಬಾಮಾ ಕೂಡಾ ಮ್ಯಾಟ್ಸ್‌ಗೆ ಬಂದು ಇದನ್ನು ತಿಂದು ಹೋದರು.

ಇಂತಹ ವಾದವಿದ್ದಲ್ಲಿ ತೀರ್ಪು ಕೊಡುವವರೂ ಹುಟ್ಟಿಕೊಳ್ಳುತ್ತಾರೆ. ನಾಲ್ಕೈದು ಮಂದಿ ಸ್ನೇಹಿತರು ತಿಂಗಳಿಗೊಮ್ಮೆ ಊರಿನ ಒಂದೊಂದು ಟ್ಯಾವರ್ನ್‌ಗೆ ಹೋಗಿ, ಎಲ್ಲರೂ ಬರ್ಗರನ್ನೇ ತರಿಸಿ, ತಿಂದು ಮಾರ್ಕು ಕೊಟ್ಟು ಪಟ್ಟಿ ಬೆಳೆಸುವುದು ಅಮೇರಿಕದಲ್ಲಿ ಒಂದು ಹವ್ಯಾಸ. ಅದರಲ್ಲೇನಿದೆ, ಹೊಟ್ಟೆ ತುಂಬಿದವರ ಆಟ ಎಂದು ನಿಮಗನಿಸಬಹುದು. ಸ್ವಲ್ಪ ತಾಳಿ. ನಾವು ಮಾಡಿಟ್ಟ ಸಾರಿಗೂ ಪಲ್ಯಕ್ಕೂ ದಿನಕ್ಕೆ ಮೂರು ಹೊತ್ತು ಮಾರ್ಕು ಹಾಕುವವರು ಮನೆಯಲ್ಲೇ ಇರುವಾಗ, ಮಾರ್ಕು ಹಾಕುವ ಕಲೆ ಹೇಗಿರಬೇಕೆಂದು ತಿಳಿದುಕೊಳ್ಳುವುದರಲ್ಲಿ ನಷ್ಟವೇನಿಲ್ಲ.

ಟ್ಯಾವರ್ನ್ ಎಂದರೆ ಬೀದಿಯ ಮೂಲೆಯ ಹಳೆಯ ಪಾನಗೃಹ. ಮುಖ್ಯ ವ್ಯಾಪಾರ ಮದ್ಯದ್ದು, ಜೊತೆಗೆ ಒಂದಿಷ್ಟು ತಿಂಡಿ. ಅಂತಹ ಕಡೆ ಬರ್ಗರ್ ಚೆನ್ನಾಗಿರುವುದಕ್ಕೆ ಕಾರಣ ಸರಳ. ಅಡುಗೆಯ ಜಾಗ ಚಿಕ್ಕದು, ಒಂದೇ ಕಬ್ಬಿಣದ ಚಪ್ಪಟೆ ಒಲೆ, ಮೆನುವಿನಲ್ಲಿ ನಾಲ್ಕಾರು ಐಟಂ. ಅದೇ ಒಲೆಯ ಮೇಲೆ ಅದೇ ಕೈ ವರ್ಷಗಟ್ಟಲೆ ಅದೇ ಬರ್ಗರ್ ಹಾಕಿದರೆ ಕೈ ಪಳಗದೆ ಇರುತ್ತದೆಯೇ? ನಮ್ಮೂರಿನ ಹಳೆಯ ಹೋಟೆಲುಗಳ ನೀರುದೋಸೆಯ ಗುಟ್ಟೂ ಇದೇ ಅಲ್ಲವೇ.

ಹೆಸರಿನ ಬಗ್ಗೆ ಒಂದು ಮಾತು. ಹ್ಯಾಂಬರ್ಗರ್ ಎಂಬುದರಲ್ಲಿ 'ಹ್ಯಾಂ' ಇರುವುದರಿಂದ ಅದು ಹಂದಿಮಾಂಸವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರದಿಂದ ಬಂದ ಹೆಸರದು, ಒಳಗಿರುವುದು ದನದ ಮಾಂಸದ ಖೀಮಾ. ಅದನ್ನು ಮೊದಲು ಬ್ರೆಡ್ಡಿನೊಳಗೆ ಇಟ್ಟವರು ಯಾರೆಂಬುದಕ್ಕೂ ಹಕ್ಕುದಾರರು ಅನೇಕ. ವಿಸ್ಕಾನ್ಸಿನ್‌ನ ಸೀಮೋರ್ ಊರಿನವರು 1885ರಲ್ಲಿ ಜಾತ್ರೆಗೆ ಬಂದ ಹದಿನೈದರ ಹುಡುಗ ಚಾರ್ಲಿ ನಾಗ್ರೀನ್ ಎನ್ನುತ್ತಾರೆ. ನ್ಯೂ ಹೇವನ್‌ನ ಲೂಯಿಸ್ ಲಂಚ್ ಎಂಬ ಪುಟ್ಟ ಅಂಗಡಿಯವರು 1900ರಲ್ಲಿ ನಾವೇ ಎನ್ನುತ್ತಾರೆ. ಅಲ್ಲಿ ಇಂದಿಗೂ ಬನ್ ಇಲ್ಲ, ಸುಟ್ಟ ಬ್ರೆಡ್ಡಿನ ನಡುವೆಯೇ ಕೊಡುತ್ತಾರೆ. ಕೆಚಪ್ ಕೇಳಿದರೆ ಸಿಗುವುದಿಲ್ಲ. 1906ರಲ್ಲಿ ಅಪ್ಟನ್ ಸಿಂಕ್ಲೇರ್ 'ದಿ ಜಂಗಲ್' ಕಾದಂಬರಿಯಲ್ಲಿ ಚಿಕಾಗೋದ ಮಾಂಸದ ಕಾರ್ಖಾನೆಗಳ ಕೊಳಕನ್ನು ತೆರೆದಿಟ್ಟ ಮೇಲೆ ಜನ ಖೀಮಾವೆಂದರೆ ಹೆದರತೊಡಗಿದರು. 1921ರಲ್ಲಿ ವಿಚಿಟಾ ನಗರದಲ್ಲಿ ಆರಂಭವಾದ ವೈಟ್ ಕ್ಯಾಸಲ್, ಕಟ್ಟಡಕ್ಕೆ ಬಿಳಿ ಬಣ್ಣ ಬಳಿದು, ಗಿರಾಕಿಯ ಕಣ್ಣೆದುರೇ ಬೇಯಿಸಿ, ಐದು ಸೆಂಟಿಗೆ ಒಂದರಂತೆ ಮಾರಿ ಆ ಹೆದರಿಕೆ ಹೋಗಲಾಡಿಸಿತು. ಮ್ಯಾಕ್‌ಡೊನಾಲ್ಡ್ ಸಹೋದರರು ತಮ್ಮ ಅಂಗಡಿಯನ್ನು ವೇಗದ ಕಾರ್ಖಾನೆಯಂತೆ ಬದಲಿಸಿದ್ದು 1948ರಲ್ಲಿ. ಆಮೇಲಿನದ್ದು ಎಲ್ಲರಿಗೂ ಗೊತ್ತು.

ಇನ್ನು ಮಾರ್ಕಿನ ವಿಚಾರಕ್ಕೆ ಬರೋಣ. "ಚೆನ್ನಾಗಿದೆ", "ಚೆನ್ನಾಗಿಲ್ಲ" ಎನ್ನುವುದು ಮಾರ್ಕಲ್ಲ. ಅದು ಹಸಿವಿನ ಮಾತು, ಕೆಲವೊಮ್ಮೆ ಸಿಟ್ಟಿನ ಮಾತು. ತಿಳಿದವರು ಬರ್ಗರನ್ನು ಬಿಡಿಸಿ ನೋಡುತ್ತಾರೆ. ಮೊದಲು ಬನ್. ಅದು ರಸವನ್ನು ಹೀರಿಕೊಂಡೂ ಕೊನೆಯ ತುತ್ತಿನವರೆಗೆ ಹರಿಯದೆ ನಿಲ್ಲಬೇಕು. ಒಳಮೈಗೆ ಬೆಣ್ಣೆ ಸವರಿ ಕಾಯಿಸಿದ್ದರೆ ನಿಲ್ಲುತ್ತದೆ, ಹಾಗೆಯೇ ತಂದಿಟ್ಟಿದ್ದರೆ ಅರ್ಧದಲ್ಲೇ ಮುದ್ದೆ. ಆಮೇಲೆ ಮಾಂಸ. ನೂರು ಗ್ರಾಮ್ ಖೀಮಾದಲ್ಲಿ ಸುಮಾರು ಇಪ್ಪತ್ತು ಗ್ರಾಮ್ ಕೊಬ್ಬಿರಬೇಕೆಂಬುದು ಬರ್ಗರ್ ಮಾಡುವವರ ಲೆಕ್ಕ. ಕೊಬ್ಬು ಕಡಿಮೆಯಾದರೆ ಒಣ ಉಂಡೆ. ಹೊರಮೈಯಲ್ಲಿ ಕಂದು ಬಣ್ಣದ ಗರಿಗರಿ ಪದರ ಬಂದಿದೆಯೇ ನೋಡಿ. ಪರಿಮಳವೆಲ್ಲ ಅದರಲ್ಲೇ ಇರುವುದು. ಕಾವಲಿ ಚೆನ್ನಾಗಿ ಕಾಯದಿದ್ದರೆ ಮಾಂಸ ನೀರು ಬಿಟ್ಟು ತನ್ನದೇ ನೀರಿನಲ್ಲಿ ಬೇಯುತ್ತದೆ, ಬೂದು ಬಣ್ಣಕ್ಕೆ ತಿರುಗುತ್ತದೆ. ಎಷ್ಟು ಸಾಸ್ ಸುರಿದರೂ ಆ ತಪ್ಪು ಮುಚ್ಚುವುದಿಲ್ಲ. ನನ್ನನ್ನು ಕೇಳಿದರೆ, ಸಾಸಿನ ರುಚಿಯೇ ಮೊದಲು ನಾಲಿಗೆಗೆ ತಾಗುವ ಬರ್ಗರಿಗೆ ಪಾಸ್ ಮಾರ್ಕು ಕೊಡುವುದೂ ಕಷ್ಟ.

ಬೆಲೆಗೂ ಒಂದು ಕಾಲಂ ಇರಬೇಕು. ಜಾಗದ ಅಂದಕ್ಕೆ ಮಾರ್ಕು ಬೇಕೇ ಬೇಡವೇ ಎಂಬುದರಲ್ಲಿ ಒಮ್ಮತವಿಲ್ಲ. ಬೇಡವೆಂದೇ ನನ್ನ ಅಭಿಪ್ರಾಯ. ಕುರ್ಚಿ ಮೇಜು ತಿನ್ನಲು ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಬೇರೊಂದಿದೆ. ಮೊದಲು ಬರೆಯಬೇಕು, ಆಮೇಲೆ ಮಾತಾಡಬೇಕು. ಗುಂಪಿನಲ್ಲಿ ದೊಡ್ಡ ಸ್ವರದವರೊಬ್ಬರು ಇದ್ದೇ ಇರುತ್ತಾರೆ. ಅವರು ಮೊದಲ ತುತ್ತಿಗೇ "ಛೆ, ಉಪ್ಪು ಜಾಸ್ತಿ" ಎಂದುಬಿಟ್ಟರೆ ಉಳಿದ ನಾಲ್ವರ ನಾಲಿಗೆಗೂ ಉಪ್ಪು ಜಾಸ್ತಿಯಾಗುತ್ತದೆ. ಹಾಗೆಯೇ ಹಸಿದು ಬಂದವರಿಗೆ ಮೊದಲು ತಿಂದದ್ದೇ ಅಮೃತ. ಆದ್ದರಿಂದ ಒಂದೇ ಸಂಜೆ ಮೂರು ಕಡೆ ತಿಂದು ಹೋಲಿಸುವುದು ನ್ಯಾಯವಲ್ಲ, ಮೂರನೆಯವನಿಗೆ ಮೋಸವಾಗುತ್ತದೆ. ಒಂದು ಸಲಕ್ಕೆ ಒಂದೇ ಜಾಗ, ಎಲ್ಲರಿಗೂ ಒಂದೇ ಬಗೆ.

ಇಷ್ಟಾಗಿ, ಈ ಹವ್ಯಾಸದ ಬಾಗಿಲು ನಮ್ಮ ಸಹೋದರಿಯರಿಗೆ ತೆರೆದಿದೆಯೇ? ಟ್ಯಾವರ್ನ್‌ನಲ್ಲಂತೂ ಇಲ್ಲ. ಮದ್ಯ ಹಂಚುವ ಮೇಜಿನಲ್ಲಿ ಕುಳಿತುಕೊಳ್ಳಬಾರದೆಂಬ ಪ್ರವಾದಿವಚನ ನಮಗೆ ತಿಳಿದದ್ದೇ. ಮಾಂಸ ಹಲಾಲ್ ಅಲ್ಲ. ಅದು ಬೇಡ, ಬರೇ ಚೀಸ್ ಸ್ಯಾಂಡ್‌ವಿಚ್ ತಿನ್ನುತ್ತೇನೆಂದರೆ, ಹಂದಿಯ ಬೇಕನ್ ಹುರಿದ ಒಲೆಯ ಮೇಲೆಯೇ ಅದನ್ನೂ ಕಾಯಿಸಿರುತ್ತಾರೆ. ಈರುಳ್ಳಿ ಚಕ್ರಗಳನ್ನು ಬಿಯರ್ ಬೆರೆಸಿದ ಹಿಟ್ಟಿನಲ್ಲಿ ಅದ್ದಿ ಕರಿಯುವುದೂ ಉಂಟು. ಕೇಳದೆ ತಿಳಿಯುವುದಿಲ್ಲ.

ಅದೇ ಸೀಡರ್ ಅವೆನ್ಯೂವಿನಲ್ಲಿ ಉತ್ತರಕ್ಕೆ ಕೆಲವು ಮೈಲಿ ಹೋದರೆ ಸೀಡರ್-ರಿವರ್‌ಸೈಡ್ ಎಂಬ ಬಡಾವಣೆ ಸಿಗುತ್ತದೆ. ಸೋಮಾಲಿಯಾದಿಂದ ಬಂದ ಮುಸ್ಲಿಮ್ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಜಾಗ. 2020ರ ರಮಝಾನಿನಲ್ಲಿ, ಕೊರೋನಾದಿಂದಾಗಿ ಮಸೀದಿಗೆ ಹೋಗಲಾಗದೆ ಜನ ಮನೆಯಲ್ಲೇ ಉಳಿದಿದ್ದಾಗ, ಅಲ್ಲಿನ ದಾರುಲ್ ಹಿಜ್ರಾ ಮಸೀದಿಯಿಂದ ಧ್ವನಿವರ್ಧಕದಲ್ಲಿ ಅಝಾನ್ ಮೊಳಗಿತು. 2023ರ ಎಪ್ರಿಲ್‌ನಲ್ಲಿ ನಗರ ಮಂಡಳಿ ಐದು ಹೊತ್ತಿನ ಅಝಾನಿಗೂ ಒಪ್ಪಿಗೆ ನೀಡಿತು. ಒಂದೇ ರಸ್ತೆಯಲ್ಲಿ ಅಝಾನೂ ಜೂಸಿ ಲೂಸಿಯೂ. ಅಲ್ಲಿ ಬೆಳೆಯುವ ಹುಡುಗಿ ಶಾಲೆಯಲ್ಲಿ ಗೆಳತಿಯರ ಬಾಯಲ್ಲಿ ಆ ಬರ್ಗರಿನ ವರ್ಣನೆ ಕೇಳಿ ಮನೆಗೆ ಬಂದು ಕೇಳಿದರೆ ತಾಯಿ ಏನು ಹೇಳಬೇಕು? "ಅದು ನಮಗಲ್ಲ" ಎಂಬ ಒಂದೇ ಉತ್ತರ ಬಹಳ ಕಾಲ ಬಾಳಿಕೆ ಬರುವುದಿಲ್ಲ. ಮಕ್ಕಳನ್ನು ಬೆಳೆಸಿದ ಯಾರಿಗೂ ಇದು ಗೊತ್ತು.

ಈ ಇಕ್ಕಟ್ಟಿಗೆ ಅಲ್ಲಿನ ಮುಸ್ಲಿಮರು ಕಂಡುಕೊಂಡ ದಾರಿಗಳಲ್ಲಿ ಮಾರ್ಕು ಹಾಕುವುದೂ ಒಂದು ಎಂಬುದು ಕುತೂಹಲದ ಸಂಗತಿ. 1998ರಲ್ಲಿ ಶಾಹಿದ್ ಅಮಾನುಲ್ಲಾ ಎಂಬವರು 'ಝಬೀಹಾ' ಎಂಬ ಇಂಟರ್ನೆಟ್ ಕೈಪಿಡಿ ಆರಂಭಿಸಿದರು. ಯಾವ ಊರಿನಲ್ಲಿ ಹಲಾಲ್ ಊಟ ಎಲ್ಲಿ ಸಿಗುತ್ತದೆ, ಹೇಗಿದೆ ಎಂದು ತಿಂದವರೇ ಬರೆದು ಅಂಕ ಕೊಡುವ ವ್ಯವಸ್ಥೆ. ಬೇರೆಯವರ ಮಾರ್ಕುಪಟ್ಟಿಯಲ್ಲಿಲ್ಲದ ಪ್ರಶ್ನೆಗಳು ಇಲ್ಲಿ ಸೇರಿಕೊಂಡವು. ಹಲಾಲ್ ಎಂದು ಹೇಳಿದವರು ಯಾರು? ಎಲ್ಲ ಮಾಂಸವೂ ಹಲಾಲೇ, ಕೋಳಿ ಮಾತ್ರವೇ? ಅಲ್ಲಿ ಮದ್ಯ ಮಾರುತ್ತಾರೆಯೇ? ರುಚಿಗಿಂತ ಮೊದಲು ಇವು ಬರುತ್ತವೆ.

ಈ ಪ್ರಶ್ನೆಗಳು ಅತಿಯಾಯಿತೆನ್ನುವವರು ಡಿಯರ್‌ಬಾರ್ನ್‌ನ ಪ್ರಕರಣ ನೋಡಬೇಕು. ಮಿಶಿಗನ್ ರಾಜ್ಯದ ಈ ಊರು ಅರಬ್ ಮೂಲದವರ ದೊಡ್ಡ ನೆಲೆ. ಅಲ್ಲಿನ ಒಂದು ಮ್ಯಾಕ್‌ಡೊನಾಲ್ಡ್ಸ್ ಮಳಿಗೆ ಹಲಾಲ್ ಕೋಳಿಯ ತಿಂಡಿಗಳೆಂದು ಮಾರುತ್ತಿತ್ತು. ಹಲಾಲ್ ದಾಸ್ತಾನು ಮುಗಿದಾಗ ಬೇರೆ ಕೋಳಿಯನ್ನೂ ಅದೇ ಹೆಸರಿನಲ್ಲಿ ಕೊಟ್ಟರೆಂದು 2011ರಲ್ಲಿ ಗಿರಾಕಿಯೊಬ್ಬರು ಮೊಕದ್ದಮೆ ಹೂಡಿದರು. ಕಂಪೆನಿ ತಪ್ಪೊಪ್ಪಿಕೊಳ್ಳದೆ 2013ರಲ್ಲಿ 7 ಲಕ್ಷ ಡಾಲರಿಗೆ ರಾಜಿಯಾಯಿತು. ಬೋರ್ಡು ಓದಿ ನಂಬುವುದಕ್ಕಿಂತ ಕೇಳಿ ತಿಳಿಯುವುದು ಮೇಲೆಂದು ಅಲ್ಲಿನ ಮನೆಗಳು ಅರಿತದ್ದು ಹೀಗೆ.

ಇನ್ನೊಂದು ಸಂದೇಹ ಉಳಿಯುತ್ತದೆ. ಪ್ರವಾದಿ ಮುಹಮ್ಮದ್(ಸ) ಎಂದೂ ಆಹಾರದಲ್ಲಿ ಕೊರತೆ ಎಣಿಸಲಿಲ್ಲ, ಇಷ್ಟವಾದರೆ ಉಂಡರು, ಇಲ್ಲವಾದರೆ ಸುಮ್ಮನೆ ಬಿಟ್ಟರು ಎಂದು ಹದೀಸ್‌ನಲ್ಲಿದೆ. ಹಾಗಿರುವಾಗ ಊಟಕ್ಕೆ ಅಂಕ ಹಾಕುವುದು ಸರಿಯೇ? ನನಗೆ ತೋಚುವುದು ಇಷ್ಟು. ದುಡ್ಡು ತೆಗೆದುಕೊಂಡು ಮಾರುವವನ ಸರಕನ್ನು ತೂಗಿ ನೋಡಿ ಇನ್ನೊಬ್ಬರಿಗೆ ತಿಳಿಸುವುದು ಬೇರೆ, ಪ್ರೀತಿಯಿಂದ ಬಡಿಸಿದವರ ಎದುರು ಮುಖ ಸಿಂಡರಿಸುವುದು ಬೇರೆ. ಮನೆಯಲ್ಲಿ ವಿನೆಗರ್ ಬಿಟ್ಟರೆ ಬೇರೇನೂ ಇಲ್ಲವೆಂದಾಗ ಅದನ್ನೇ ತರಿಸಿ, ಎಷ್ಟು ಒಳ್ಳೆಯ ವ್ಯಂಜನವೆಂದು ಹೊಗಳುತ್ತಾ ರೊಟ್ಟಿ ತಿಂದ ಪ್ರವಾದಿ(ಸ)ರವರ ಹದೀಸ್ ಕೂಡಾ ಇದೆ. ಒಗ್ಗರಣೆ ಸ್ವಲ್ಪ ಸೀದರೆ ತಟ್ಟೆ ತಳ್ಳುವ ಗಂಡಸರ ಮನೆಗಳಲ್ಲಿ ಇದು ಆಗಾಗ ನೆನಪಿಗೆ ಬರಬೇಕಾದ ಹದೀಸ್.

ನಮ್ಮ ದೇಶಕ್ಕೆ ಮ್ಯಾಕ್‌ಡೊನಾಲ್ಡ್ಸ್ ಬಂದದ್ದು 1996ರಲ್ಲಿ, ದಿಲ್ಲಿಗೆ. ದನ ಮತ್ತು ಹಂದಿ ಎರಡನ್ನೂ ಬಿಟ್ಟು, ಮಟನ್ನಿನ ಮಹಾರಾಜ ಮ್ಯಾಕ್ ತಂದರು. ಅದೂ ಆಮೇಲೆ ಕೋಳಿಯಾಯಿತು. ಈಗಂತೂ ಸಣ್ಣ ಪೇಟೆಯ ಬೇಕರಿಗಳಲ್ಲೂ ಕೋಳಿ ಬರ್ಗರ್ ಸಿಗುತ್ತದೆ. ಕರಿದ ಕಟ್ಲೆಟ್, ಎಲೆಕೋಸು, ಮಯೋನೀಸ್. ರುಚಿಯಿಲ್ಲವೆಂದಲ್ಲ, ಆದರೆ ಟ್ಯಾವರ್ನ್ ಬರ್ಗರಿಗೂ ಅದಕ್ಕೂ ಸಂಬಂಧ ಕಡಿಮೆ. ಹತ್ತಿರದ್ದನ್ನು ಮನೆಯಲ್ಲೇ ಮಾಡಬಹುದು, ಗೆಳತಿಯರನ್ನು ಕರೆದು ಮಾರ್ಕನ್ನೂ ಹಾಕಿಸಿಕೊಳ್ಳಬಹುದು.

ಐದು ಜನಕ್ಕೆ ಅರ್ಧ ಕಿಲೋ ಮಟನ್ ಖೀಮಾ ಸಾಕು. ಅಂಗಡಿಯಲ್ಲಿ ಹೇಳಿ ಸುಮಾರು ನೂರು ಗ್ರಾಮ್ ಕೊಬ್ಬನ್ನು ಸೇರಿಸಿಯೇ ಕೊಚ್ಚಿಸಿ. ಕಡಲೆಬೇಳೆ, ಮೊಟ್ಟೆ, ಗರಂ ಮಸಾಲೆ ಯಾವುದನ್ನೂ ಹಾಕಬೇಡಿ. ಹಾಕಿದರೆ ಅದು ಶಾಮಿ ಕಬಾಬ್ ಆಗುತ್ತದೆ. ಅದು ರುಚಿಯೇ, ಆದರೆ ಬೇರೆ ತಿಂಡಿ. ಖೀಮಾವನ್ನು ನಾದಲೂ ಬಾರದು, ಉಪ್ಪನ್ನು ಮೊದಲೇ ಬೆರೆಸಲೂ ಬಾರದು, ಬಿಗಿಯಾಗಿಬಿಡುತ್ತದೆ. ನೂರು ಗ್ರಾಮಿನ ಉಂಡೆಗಳನ್ನು ಹಗುರವಾಗಿ ಕಟ್ಟಿ ಫ್ರಿಜ್ಜಿನಲ್ಲಿಡಿ. ದೋಸೆಯ ಕಬ್ಬಿಣದ ಕಾವಲಿ ಹೊಗೆಯಾಡುವಷ್ಟು ಕಾದ ಮೇಲೆ ಉಂಡೆಯಿಟ್ಟು, ಅರ್ಧ ನಿಮಿಷದೊಳಗೆ ಚಪ್ಪಟೆ ಸೌಟಿನಿಂದ ಒಮ್ಮೆ ಒತ್ತಿಬಿಡಿ. ಆಮೇಲೆ ಒತ್ತಿದರೆ ರಸ ಹೊರಗೆ. ಮೇಲೆ ಉಪ್ಪು, ಕರಿಮೆಣಸಿನ ಪುಡಿ. ಅಂಚು ಕಂದಾದಾಗ ಕೆರೆದು ಮಗುಚಿ, ಚೀಸ್ ಇಡಿ. ಖೀಮಾದ ಒಳಭಾಗ ಕೆಂಪಾಗಿ ಉಳಿಯಬಾರದು. ಕೊಚ್ಚುವಾಗ ಹೊರಮೈಯ ರೋಗಾಣುಗಳು ಒಳಗೂ ಸೇರಿರುತ್ತವೆ. ಥರ್ಮಾಮೀಟರ್ ಇದ್ದವರು ನಡುವಿನಲ್ಲಿ 71 ಡಿಗ್ರಿ ಸೆಲ್ಸಿಯಸ್ ನೋಡಿಕೊಳ್ಳಲಿ, ಕೋಳಿಯಾದರೆ 74. ಜೂಸಿ ಲೂಸಿ ಮಾಡುವ ಆಸೆಯಿದ್ದರೆ ಎರಡು ತೆಳ್ಳನೆ ಪ್ಯಾಟಿಗಳ ನಡುವೆ ಚೀಸಿಟ್ಟು ಅಂಚನ್ನು ಚೆನ್ನಾಗಿ ಒತ್ತಿ, ಉರಿ ಮಧ್ಯಮಕ್ಕಿಳಿಸಿ, ಇನ್ನಷ್ಟು ಹೊತ್ತು ಬೇಯಿಸಿ. ತಕ್ಷಣ ಕಚ್ಚಿದರೆ ಕುದಿಯುವ ಚೀಸ್ ತುಟಿ ಸುಡುತ್ತದೆ. ಮಕ್ಕಳಿಗೆ ಕೊಡುವ ಮೊದಲು ಎರಡು ಮೂರು ನಿಮಿಷ ಬಿಡಿ.

ಆದರೆ ಮಟನ್ ಬರ್ಗರನ್ನು ಹೆಚ್ಚು ಹೊತ್ತು ಕಾಯಿಸುವಂತಿಲ್ಲ. ಆಡಿನ ಕೊಬ್ಬು ತಣ್ಣಗಾಗುತ್ತಿದ್ದಂತೆ ಗಟ್ಟಿಯಾಗಿ ಅಂಗಳಕ್ಕೆ ಅಂಟುತ್ತದೆ, ಹತ್ತು ಮಾರ್ಕಿನದ್ದು ಐದಕ್ಕೆ ಇಳಿಯುತ್ತದೆ. ಎಲ್ಲರಿಗೂ ಬಿಸಿಬಿಸಿ ಕೊಟ್ಟು ತಾನು ಕೊನೆಗೆ ತಣ್ಣಗಿನದ್ದು ತಿಂದವಳಿಂದ ಸರಿಯಾದ ಅಂಕ ಬರುವುದಾದರೂ ಹೇಗೆ? ಹಾಗಾಗಿ ಕಾವಲಿಯ ಮುಂದೆ ಯಾರೂ ಎರಡಕ್ಕಿಂತ ಹೆಚ್ಚು ಬರ್ಗರ್ ಬೇಯಿಸಬಾರದೆಂದು ಮೊದಲೇ ಮಾತಾಡಿಕೊಳ್ಳಿ. ಎರಡಾದ ಕೂಡಲೇ ಸೌಟು ಮುಂದಿನವಳ ಕೈಗೆ, ಬೇಯಿಸಿದವಳು ಪೆನ್ಸಿಲು ಹಿಡಿದು ಮೇಜಿಗೆ.