ಹೊಲದ ನಕಾಶೆ: ಬರೆಯುವುದು ಯಂತ್ರ, ಅಳೆಯುವುದು ನಾವು

ಜತ್ತ ಭಾಗದಲ್ಲಿ ದಾಳಿಂಬೆಗೆ ಹನಿ ನೀರಾವರಿ ಮಾಡಿಸಹೊರಟ ರೈತನಿಗೆ ಮೊದಲು ಬೇಕಾಗುವುದು ಹೊಲದ ನಕಾಶೆ. ಸಾತ್‌ಬಾರಾ ಉತಾರದಲ್ಲಿ ಕ್ಷೇತ್ರವೇನೋ ಇರುತ್ತದೆ. ಬಾವಿ ಯಾವ ಮೂಲೆಗಿದೆ, ಇಳುಕಲು ಯಾವ ಕಡೆಗಿದೆ ಎಂಬ ಚಿತ್ರ ಅದರಲ್ಲಿಲ್ಲ. ಮೊಬೈಲಿನಲ್ಲಿ ಕನ್ನಡದಲ್ಲೇ ಉತ್ತರ ಕೊಡುವ ಎ.ಐ. ಯಂತ್ರದಿಂದ ಇಂಥ ನಕಾಶೆ ಬರೆಸಬಹುದೆಂದು ಕೇಳಿ, ನಾವೂ ಪರೀಕ್ಷಿಸಿ ನೋಡಿದೆವು.

ಮಾತಿನ ಯಂತ್ರ ಚಿತ್ರ ಬರೆಯುವುದೆಂತು? ಎಸ್‌ವಿಜಿ ಎಂಬ ಚಿತ್ರಪದ್ಧತಿಯೊಂದಿದೆ. 2001ರಲ್ಲಿ ಅದು ಅಂತರಜಾಲಕ್ಕೆ ಮಾನಕವಾಯಿತು. ಫೋಟೋ ಚುಕ್ಕೆಗಳಿಂದಾದದ್ದು, ಹಿಗ್ಗಿಸಿದರೆ ಮಸುಕಾಗುತ್ತದೆ. ಎಸ್‌ವಿಜಿ ಹಾಗಲ್ಲ, ಇಲ್ಲಿಂದ ಅಲ್ಲಿಗೆ ಗೆರೆ, ಇಲ್ಲಿ ವರ್ತುಲ ಎಂದು ಅಕ್ಷರ ಅಂಕಿಗಳಲ್ಲಿ ಬರೆದಿಟ್ಟ ಬರಹವದು. ಎಷ್ಟು ಹಿಗ್ಗಿಸಿದರೂ ಗೆರೆ ಕೆಡದು. ಬರಹವಾದ್ದರಿಂದಲೇ ಯಂತ್ರಕ್ಕೆ ಅದು ಸಾಧ್ಯ.

ಮೊದಲು ನಾವು ಅಳತೆ ಕೊಡದೆ ತಾಲೂಕಿನ ನಕಾಶೆ ಕೇಳಿದೆವು. ಬಂದ ಚಿತ್ರ ಅಂದವಾಗಿತ್ತು, ಆದರೆ ಎಲ್ಲೆಗಳು ತಪ್ಪು. ಯಂತ್ರವು ತಿಳಿಯದ್ದನ್ನು ಊಹೆಯಿಂದ ತುಂಬುತ್ತದೆ.

ಬಳಿಕ ಒಂದು ಹೊಲವನ್ನು ಟೇಪು ಹಿಡಿದು ಅಳೆದೆವು: ಪೂರ್ವ-ಪಶ್ಚಿಮ 330 ಅಡಿ, ದಕ್ಷಿಣೋತ್ತರ 264 ಅಡಿ. ಗುಣಿಸಿದರೆ 87,120 ಚದರಡಿ; ಗುಂಟೆಗೆ 1,089ರಂತೆ 80 ಗುಂಟೆ, ಅಂದರೆ ಸರಿಯಾಗಿ 2 ಎಕರೆ. ಬಾವಿಯು ಪಶ್ಚಿಮ ಬದುವಿನಿಂದ 300 ಅಡಿ, ದಕ್ಷಿಣ ಬದುವಿನಿಂದ 230 ಅಡಿ. ಇಷ್ಟನ್ನೂ ಹೇಳಿ, ಹೆಸರುಗಳನ್ನು ಕನ್ನಡದಲ್ಲಿ ಹಾಕೆಂದೆವು.

ಚಿತ್ರ ಬಂತು; ಆದರೆ ಈಶಾನ್ಯದ ಬಾವಿ ಆಗ್ನೇಯದಲ್ಲಿ ಕೂತಿತ್ತು! ನೋಡಿದ ದಕ್ಷಿಣದ ಹೊಲದವರು, "ನಿಮ್ಮ ಬಾವಿ ನಮ್ಮ ಬದುವಿಗೆ ಯಾವಾಗ ಬಂತ್ರೀ?" ಎಂದು ಹುಬ್ಬೇರಿಸಿದರು. ಕಾರಣ ಸರಳ: ನಾವು ಕೆಳಗಿನಿಂದ ಅಳೆದಿದ್ದೆವು, ಎಸ್‌ವಿಜಿ ಮೇಲಿನಿಂದ ಕೆಳಕ್ಕೆ ಎಣಿಸುತ್ತದೆ. 264ರಲ್ಲಿ 230 ಕಳೆದು, ಮೇಲಿನಿಂದ 34 ಅಡಿ ಎಂದು ತಿದ್ದಿಸಿದೊಡನೆ ಬಾವಿ ತನ್ನ ಜಾಗಕ್ಕೆ ಬಂತು. ಆ ಚಿತ್ರವನ್ನೇ ನಂಬಿ ಚರಿ ತೋಡಿಸಿದ್ದರೆ ದುಡ್ಡೂ ಹಾಳು, ನೆರೆಹೊರೆಯೂ ಹಾಳು.

ಆದುದರಿಂದ ರೈತ ಬಾಂಧವರು ಮೂರು ಮಾತು ನೆನಪಿಡಬೇಕು. ಅಳತೆ ನಾವೇ ಕೊಡಬೇಕು. ಅದು ಎಲ್ಲಿಂದ ಎಣಿಸಿದ್ದೆಂದು ಹೇಳಬೇಕು. ಬಂದ ನಕಾಶೆಯನ್ನು ಹೊಲದಲ್ಲಿ ನಿಂತು ತಾಳೆ ನೋಡಬೇಕು.

ಇನ್ನೊಂದು ಮಾತು: ಈ ನಕಾಶೆ ಕೊಳವೆಗೆ, ಸಾಲಿಗೆ, ಗಿಡದ ಲೆಕ್ಕಕ್ಕೆ ಮಾತ್ರ. ಬದುವಿನ ತಂಟೆ ಬಂದರೆ ಭೂಮಿ ಅಭಿಲೇಖ ಕಚೇರಿಯ ಮೋಜಣಿಯೇ ಪ್ರಮಾಣ.