ಗುರುಗ್ರಹದ ಮೇಲಿನ ಆಘಾತಗಳು: ಅಳಿಯುವ ಗುರುತು, ಉಳಿಯುವ ಸಾಕ್ಷ್ಯ

ಘನ ಮೇಲ್ಮೈಯುಳ್ಳ ಆಕಾಶಕಾಯಗಳ ಮೇಲೆ ಧೂಮಕೇತು ಅಥವಾ ಕ್ಷುದ್ರಗ್ರಹ ಅಪ್ಪಳಿಸಿದರೆ ಅದರ ಗುರುತು ಕುಳಿಯಾಗಿ ದೀರ್ಘಕಾಲ ಉಳಿಯುತ್ತದೆ. ಚಂದ್ರನ ಮುಖವೇ ಇದಕ್ಕೆ ನಿದರ್ಶನ. ಆದರೆ ಗುರು, ಶನಿಗಳಂತಹ ದೈತ್ಯಗ್ರಹಗಳಿಗೆ ಗಟ್ಟಿಯಾದ ನೆಲವಿಲ್ಲ. ಅಲ್ಲಿ ಉಂಟಾದ ಕಲೆಯನ್ನು ಗಾಳಿಯ ಪ್ರವಾಹಗಳು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಅಳಿಸಿಬಿಡುತ್ತವೆ. ಹೀಗಾಗಿ ಇಂತಹ ಆಘಾತಗಳು ಎಷ್ಟು ಬಾರಿ ಸಂಭವಿಸುತ್ತವೆ ಎಂಬ ಪ್ರಶ್ನೆಗೆ ಸತತ ವೀಕ್ಷಣೆಯಿಂದಲೇ ಉತ್ತರ ದೊರೆಯಬೇಕು.

ಈ ಅಧ್ಯಯನಕ್ಕೆ ತಳಹದಿ ಹಾಕಿದ್ದು ಷೂಮೇಕರ್-ಲೆವಿ 9 ಧೂಮಕೇತು. ಕ್ಯಾರೊಲಿನ್ ಷೂಮೇಕರ್, ಯುಜೀನ್ ಷೂಮೇಕರ್ ಮತ್ತು ಡೇವಿಡ್ ಲೆವಿ ಇದನ್ನು 1993ರ ಮಾರ್ಚ್‌ನಲ್ಲಿ ಪಾಲೊಮಾರ್ ವೀಕ್ಷಣಾಲಯದಲ್ಲಿ ಪತ್ತೆಹಚ್ಚಿದರು. ಗುರುವನ್ನು ಸುತ್ತುತ್ತಿದ್ದ ಈ ಧೂಮಕೇತು 1992ರ ಜುಲೈನಲ್ಲಿ ಗ್ರಹಕ್ಕೆ ತೀರ ಸಮೀಪ ಹಾದುಹೋಗಿತ್ತು. ಆಗ ಅದರ ಹತ್ತಿರದ ಮತ್ತು ದೂರದ ಭಾಗಗಳ ಮೇಲೆ ಬಿದ್ದ ಸೆಳೆತದ ವ್ಯತ್ಯಾಸವು ಸಡಿಲವಾದ ಆ ಕಾಯವನ್ನು ಛಿದ್ರಗೊಳಿಸಿತ್ತು. ಅದರ ತುಣುಕುಗಳು 1994ರ ಜುಲೈ 16ರಿಂದ 22ರವರೆಗೆ ಸೆಕೆಂಡಿಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ ಗುರುವಿನ ದಕ್ಷಿಣಾರ್ಧಕ್ಕೆ ಅಪ್ಪಳಿಸಿದವು. ಆಘಾತದ ತಾಣಗಳು ಭೂಮಿಗೆ ಮರೆಯಾಗಿದ್ದರೂ ಗೆಲಿಲಿಯೊ ನೌಕೆ ಅವುಗಳನ್ನು ನೇರವಾಗಿ ಕಂಡಿತು. ಗ್ರಹದ ಆವರ್ತನೆಯಿಂದ ಆ ತಾಣಗಳು ಈಚೆಗೆ ಬಂದಾಗ, ಭೂಮಿಯ ಗಾತ್ರದಷ್ಟು ವಿಸ್ತಾರವಾದ ಕಪ್ಪು ಕಲೆಗಳು ದೂರದರ್ಶಕಗಳಲ್ಲಿ ಗೋಚರಿಸಿದವು.

ಕಲೆಗಳು ಅಳಿದರೂ ಸಾಕ್ಷ್ಯ ಪೂರ್ಣವಾಗಿ ಅಳಿಯಲಿಲ್ಲ. ಗುರುವಿನ ಮೇಲ್ಪದರದ ನೀರಾವಿ ದಕ್ಷಿಣಾರ್ಧದಲ್ಲೇ ಅಧಿಕವಾಗಿದೆಯೆಂದು ಹರ್ಷೆಲ್ ಬಾಹ್ಯಾಕಾಶ ದೂರದರ್ಶಕದ ಅವಲೋಕನಗಳು 2013ರಲ್ಲಿ ತೋರಿಸಿದವು. ಅದರ ಬಹುಪಾಲು ಈ ಧೂಮಕೇತುವಿನ ಕೊಡುಗೆಯೆಂಬುದು ಸಂಶೋಧಕರ ನಿರ್ಣಯ.

2009ರ ಜುಲೈ 19ರಂದು ಆಸ್ಟ್ರೇಲಿಯದ ಹವ್ಯಾಸಿ ವೀಕ್ಷಕ ಆಂಥೊನಿ ವೆಸ್ಲಿ ಗುರುವಿನ ಮೇಲೆ ಮತ್ತೊಂದು ಕಲೆಯನ್ನು ಕಂಡರು. ಈ ಬಾರಿ ಯಾವ ಮುನ್ಸೂಚನೆಯೂ ಇರಲಿಲ್ಲ. 1994ರ ಕಲೆಗಳ ಸುತ್ತ ಕಂಡಿದ್ದ ಸೂಕ್ಷ್ಮ ಧೂಳಿನ ಪರಿವೇಷ ಹಬಲ್ ದೂರದರ್ಶಕದ ನೇರಳಾತೀತ ಚಿತ್ರಗಳಲ್ಲಿ ಇರದಿದ್ದುದರಿಂದ, ಬಿದ್ದದ್ದು ಕ್ಷುದ್ರಗ್ರಹವಿರಬೇಕೆಂದು ಊಹಿಸಲಾಯಿತು. 2010ರಿಂದೀಚೆಗೆ ಕಲೆಯನ್ನೇ ಉಳಿಸದ ಕ್ಷಣಿಕ ಮಿಂಚುಗಳೂ ಹಲವು ಬಾರಿ ದಾಖಲಾಗಿವೆ.

ಗುರು ಭೂಮಿಗೆ ಗುರಾಣಿಯೆಂಬ ಮಾತು ಪ್ರಚಲಿತವಾಗಿದೆ. ಆದರೆ ಅದರ ಗುರುತ್ವವು ಕೆಲವು ಕಾಯಗಳನ್ನು ಸೌರವ್ಯೂಹದಿಂದ ಹೊರಗಟ್ಟುವಂತೆಯೇ ಇನ್ನು ಕೆಲವನ್ನು ಒಳಗಿನ ಗ್ರಹಗಳತ್ತಲೂ ತಿರುಗಿಸುತ್ತದೆ. ಗುರುವನ್ನು ರಕ್ಷಕನೆಂದು ಒಪ್ಪುವ ಮೊದಲು ಈ ಎರಡು ಪರಿಣಾಮಗಳನ್ನೂ ತೂಗಿ ನೋಡಬೇಕು.